ಗುಡ್ಡೆಯ ಮೇಲಿನ ಮಣ್ಣು

"ಛೀ! ಇಳೀರಿ ಕೆಳಗ!"

ಮಣ್ಣಿನ ಗುಡ್ಡೆಯ ಮೇಲೆ ಸಲಿಕೆ ಹಿಡಿದು, ತುಂಬಿದ ಬುಟ್ಟಿಯ ಪಕ್ಕ ನಿಂತಿದ್ದವನು ತಿರುಗಿದ. ಕೆಳಗಿನಿಂದ ಕೂಗಿದ್ದ ಮೆಹನಾಜ ಅವನ ಮುಖ ಕಂಡು ಬೆಚ್ಚಿದಳು.

ಅಯ್ಯೋ... ಇವನೇ! ಹೋದ ವಾರ ಬೆಟಗೇರಿಯ ಮನೆಯಲ್ಲಿ ಅಮ್ಮ ಮೊಬೈಲಿನಲ್ಲಿ ತೋರಿಸಿದ ವರ, ಶಫೀಕ. ಅವಳು ನಾಚುತ್ತಲೇ ಒಪ್ಪಿದ್ದಳು. ಅವನೂ ಗುರುತು ಹಿಡಿದು ನಸುನಕ್ಕ.

ಉದ್ಯೋಗ ಖಾತ್ರಿ ಕೆಲಸಗಳ ಸಾಮಾಜಿಕ ಪರಿಶೋಧನೆಗೆಂದು ಅವಳು ಮುಂಡರಗಿ ಕಡೆಯ ಈ ಹಳ್ಳಿಯ ಕೆರೆಗೆ ಬಂದಿದ್ದಳು. ಅವನು ಇಲ್ಲಿ ಕೂಲಿಕಾರರ ಮೇಲ್ವಿಚಾರಕ.

ಕೆರೆ ಅಗೆಯುವಾಗ ಅಲ್ಲಲ್ಲಿ ಒಂದೊಂದು ಗುಡ್ಡೆಯನ್ನು ಅಗೆಯದೆ ಬಿಡುತ್ತಾರೆ. ಅದರ ಎತ್ತರವೇ ಅಗೆತದ ಆಳ. ನಾಚಿಕೆಗೆಟ್ಟವರು ಅದರ ತಲೆಗೆ ಮಣ್ಣು ಮೆತ್ತಿ, ಅಗೆಯದ ಕೆರೆಯನ್ನೂ ಲೆಕ್ಕದಲ್ಲಿ ಆಳ ಮಾಡಿ ದುಡ್ಡು ಹೊಡೆಯುತ್ತಾರೆ!

"ಮಣ್ಣ ಏರಸಾಕತ್ತೀರಿ? ಬಡವರ ಹೊಟ್ಟಿ ಮ್ಯಾಲ ಹೊಡದು ಶಾದಿ ಮಾಡ್ಕೊಳ್ಳಾಕ ಹೊಂಟೀರೇನು? ಕಳ್ಳ!"

ಕೂಲಿ ಹೆಂಗಸರು ಕಿಸಕ್ಕನೆ ನಕ್ಕರು. ಶಫೀಕನ ಮುಖ ಕಪ್ಪಿಟ್ಟಿತು.

"ನೀವು ಆಗ್ಲೇ ತೀರ್ಮಾನಾ ಮಾಡೀರಿ. ಇನ್ನ ನಾ ಏನ ಹೇಳ್ಲಿ?" ಎಂದವನೇ ಹೊರಟುಹೋದ.

ಎಷ್ಟು ಸೊಕ್ಕು! ಮೆಹನಾಜ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದಳು. "ಅಂವ ಬ್ಯಾಡಮ್ಮಾ!" ಕಣ್ಣು ಮಾತ್ರ ಸುಮ್ಮನೆ ತುಂಬಿಕೊಂಡಿತು.

ಆಮೇಲೆ ಟೇಪು ಹಿಡಿದು ಅಳೆದಳು. ಇದೇನಿದು? ಅವನು ನಿಂತಿದ್ದ ಗುಡ್ಡೆಯೇ ಎಲ್ಲಕ್ಕಿಂತ ಗಿಡ್ಡ! ಅದರ ತಲೆಯ ಮೇಲೆ ಹಳೆಯ ಹುಲ್ಲಿನ ಬೇರು ಕಾಣುತ್ತಿತ್ತು. ಉಳಿದವುಗಳ ಮೇಲೆಲ್ಲ ಹಸಿ ಮಣ್ಣು.

ಅಂದರೆ... ಅವನು ಮೆತ್ತಿದ ಮಣ್ಣನ್ನು ತೆಗೆಯುತ್ತಿದ್ದ!

"ನಿನ್ನಿ ಹುಲಿಗೇಶ ಮೆತ್ತಿಸ್ಯಾನ್ರೀ," ಕೂಲಿಯ ಮುತ್ತವ್ವ ಅಂಜುತ್ತ ಪಿಸುಗುಟ್ಟಿದಳು. "ಈ ಹುಡುಗ ಬ್ಯಾಡಂದ್ರೂ ಅಂವ ಕೇಳ್ಲಿಲ್ಲ."

ಮರುದಿನ ಗ್ರಾಮಸಭೆ. ಊರ ಪುಢಾರಿ ಹುಲಿಗೇಶ ಗರಿಗರಿ ಬಿಳಿ ಬಟ್ಟೆಯಲ್ಲಿ ಮುಂದಿನ ಕುರ್ಚಿ ಹಿಡಿದು, ಎಲ್ಲರಿಗಿಂತ ಮೊದಲು ಭಜಿ ತಟ್ಟೆ ಎಳೆದುಕೊಂಡಿದ್ದ. ಕೆರೆಯನ್ನೇ ನುಂಗಿದವನಿಗೆ ಭಜಿ ಯಾವ ಲೆಕ್ಕ!

"ಆ ಹುಡುಗನ ಹೆಸರ ಹೇಳಿ ಜಲ್ದಿ ಮುಗಿಸ್ರಿ, ಮೇಡಂ. ನಿಮಗ ಊಟದ ವ್ಯವಸ್ಥಾ ಐತಿ."

"ನಿಮ್ಮ ಊಟಾ ನೀವ ಉಣ್ರಿ," ಎಂದು ಮೆಹನಾಜ ಮೈಕು ಹಿಡಿದಳು. ಪರಿಶೋಧನೆಯಲ್ಲಿ ಕಂಡದ್ದನ್ನು ಜನರೆದುರು ಗಟ್ಟಿಯಾಗಿ ಹೇಳಲೇಬೇಕು. ಅದೇ ಪದ್ಧತಿ.

"ಗುಡ್ಡಿಗೆ ಮಣ್ಣ ಮೆತ್ತಿಸಿದವರು ಇಲ್ಲೇ ಭಜಿ ತಿನ್ನಾಕತ್ತಾರ. ತೆಗೀತಿದ್ದ ಶಫೀಕ ಅವರನ್ನ ನಾ ಕಳ್ಳ ಅಂದೆ. ನಾಲ್ಕ ಮಂದಿ ಮುಂದ ಬೈದೀನಿ, ಊರ ಮುಂದ ಮಾಫಿ ಕೇಳ್ತೀನಿ."

ಸಭೆಯಲ್ಲಿ ಗದ್ದಲವೆದ್ದಿತು. ಹುಲಿಗೇಶ ಬಾಯಲ್ಲಿದ್ದದ್ದನ್ನು ನುಂಗಲಾರದೆ ಕೆಮ್ಮಿದ. ಶಫೀಕ ಎದ್ದು ಹೊರನಡೆದ. ಅವಳು ಓಡಿದಳು.

"ನಿಲ್ರಿ...!"

"ನಿಮ್ಮ ಮನಿಯಿಂದ ಸಂಬಂಧ ಬ್ಯಾಡಂತ ಖಬರ ಬಂದೈತಿ," ಅವನು ತಿರುಗದೆಯೇ ಹೇಳಿದ.

"ಸಿಟ್ಟಿನಾಗ ಅಂದಿದ್ದೆ. ನನಗ... ನನಗ ನೀವು ಬೇಕು!"

ಅವನು ನಿಂತ. "ನಾಳಿ ಮತ್ಯಾರರ ನನ್ನ ಮ್ಯಾಲ ಏನರ ಹೇಳಿದ್ರ?"

"ಮೊದಲ ನಿಮ್ಮನ್ನ ಕೇಳ್ತೀನಿ. ಖರೇನ."

ಅವನು ಮೆಲ್ಲಗೆ ಅವಳತ್ತ ತಿರುಗಿದ. "ಹಂಗಾರ ಈಗ ಕೇಳ್ರಿ."

ಮೆಹನಾಜ ಅವನೆದುರು ಬಂದು ನಿಂತಳು. "ನನ್ನ... ಶಾದಿ ಆಗ್ತೀರೇನು?"

"ಹೂಂ," ಎಂದ ಶಫೀಕ.