ಒಂಬತ್ತನೆಯ ಹಾಳೆ

ಪ್ರತಿ ಶನಿವಾರ ಮಧ್ಯಾಹ್ನ ಶಕ್ತಿನಗರದ ನಮ್ಮ ಮನೆಗೆ ನೆರೆಯ ಒಂಬತ್ತು ಮಕ್ಕಳು ಬಣ್ಣ ಹಚ್ಚಲು ಬರುತ್ತಿದ್ದರು. ಕಥೆಪುಸ್ತಕದ ಕೊಡೆಕರಡಿಯೆಂದರೆ, ಬೂಟು ತೊಟ್ಟು ಕೊಡೆ ಹಿಡಿದ ಆ ಕರಡಿಯೆಂದರೆ, ಅವರಿಗೆ ಪ್ರಾಣ. ಚಿತ್ರ ಮುಗಿಸದೆ ಯಾರೂ ಮನೆಗೆ ಹೋಗುವಂತಿಲ್ಲ ಎಂಬುದು ನನ್ನ ನಿಯಮ. ಜುಲೈಯಲ್ಲೊಮ್ಮೆ ಆರು ವರ್ಷದ ಮರ್ವಿನ್ ಜ್ವರವೆಂದು ಅರ್ಧಕ್ಕೇ ಎದ್ದ.

"ಮುಂದಿನ ವಾರ ಮುಗಿಸ್ತೇನೆ, ಡೈಸಿ ಟೀಚರ್" ಎಂದ. ಆ ವಾರವೇ ತೀರಿಕೊಂಡ.

ಆಮೇಲೆ ವಾರವಾರವೂ ಬಣ್ಣ ಹಚ್ಚಲು ಆ ಕರಡಿಯ ಚಿತ್ರದ ಎಂಟು ಜೆರಾಕ್ಸ್ ಪ್ರತಿ ನನಗೆ ಸಾಕಾಗುತ್ತಿತ್ತು.

"ಎಂಟು ಒತ್ತಿದರೆ ಒಂಬತ್ತು ಬರ್ತದೆ ಮಾರಾಯ್ರೆ, ಎಂತ ಅಂತ ಗೊತ್ತಾಗುದಿಲ್ಲ" ಎಂದರು ಜೆರಾಕ್ಸ್ ಅಂಗಡಿಯ ವಿಷ್ಣುಪ್ರಸಾದರು.

ಎಂಟು ಹಾಳೆಗಳು ಮೆಷಿನ್ನಿನಿಂದ ಬಿಸಿಯಾಗಿ ಬಂದಿದ್ದವು. ಒಂಬತ್ತನೆಯದು ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿತ್ತು. ಅದರಲ್ಲಿ ಕರಡಿಯ ಬೂಟುಗಳಿಗೆ ಹಸಿರು ಕ್ರೆಯಾನ್ ತಿಕ್ಕಿದ ಗುರುತಿತ್ತು. ಆ ಮೆಷಿನ್ನಿನಲ್ಲಿ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ.

ವಾರದಿಂದ ವಾರಕ್ಕೆ ಆ ತಣ್ಣಗಿನ ಹಾಳೆಯಲ್ಲಿ ಬಣ್ಣ ಮೇಲೇರುತ್ತ ಹೋಯಿತು. ಕಳೆದ ಶನಿವಾರ ಕೊಡೆಯೊಂದೇ ಬಾಕಿ ಇತ್ತು. ಕೊಡೆಗೆ ಮರ್ವಿನ್ ಯಾವಾಗಲೂ ಹಳದಿಯನ್ನೇ ಹಚ್ಚುತ್ತಿದ್ದ. ಮುಗಿಸಿದರೆ ಹೊರಟುಹೋಗುತ್ತಾನಲ್ಲ ಎನಿಸಿ ನಾನು ಹಳದಿ ಕ್ರೆಯಾನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಇವತ್ತು ಎಂಟೇ ಹಾಳೆಗಳು ಬಂದವು. ಉಳಿದ ಎಂಟು ಮಕ್ಕಳಿಗೆಂದು ಒತ್ತಿಸಿದ ಆ ಎಂಟೂ ತಣ್ಣಗಿದ್ದವು.