ಮೂರನೆಯ ಮಗ್ಗದ ಬೋಲ್ಟು

"ಆ ಕ್ಲೆಮ್ ತಾನಾಗೇ ಬಾಯಿ ಬಿಡ್ತಾನೆ ಅಂತ ಇನ್ನೂ ಕಾಯ್ತಿದ್ದೀಯೇನೇ? ಹನ್ನೊಂದರ ಬಸ್ಸಿಗೆ ಹೊರಟೇ ಬಿಟ್ಟ ನೋಡು," ಎಂದಳು ಪಕ್ಕದಲ್ಲಿದ್ದ ಗೆಳತಿ ಬರ್ತಾ.

ಬೇಕರಿಯ ಮುಂದಿನ ಸಾಲಿನಲ್ಲಿ ಮಾಂಸದ ಪೈಗಾಗಿ ನಿಂತಿದ್ದ ಎಡಿತ್ ತಿರುಗಿ ನೋಡಲಿಲ್ಲ. "ಹೋಗ್ಲಿ ಬಿಡು. ನಾನೇನು ಅವನ ಕಾಲು ಕಟ್ಟಿ ಹಾಕಿದ್ದೀನಾ?"

ಹಾಗೆಂದಳೇ ಹೊರತು, ಬುಟ್ಟಿಯ ಹಿಡಿಯನ್ನು ಕಿತ್ತು ಬರುವಷ್ಟು ತಿರುಚುತ್ತಿದ್ದಳು.

ಹತ್ತೊಂಬತ್ತು ವರ್ಷ! ಬ್ರಿಗ್‌ಶಾ ಬಟ್ಟೆ ಮಿಲ್ಲಿನಲ್ಲಿ ಅವಳು ಆರು ಮಗ್ಗ ನಡೆಸುತ್ತಿದ್ದಳು. ಕ್ಲೆಮ್ ಪಿಲ್ಲಿಂಗ್ ಮಗ್ಗ ರಿಪೇರಿಯವನು. ಅದೇನು ಗ್ರಹಚಾರವೋ, ಶುಕ್ರವಾರ ಬಂತೆಂದರೆ ಅವಳ ಮೂರನೆಯ ಮಗ್ಗ ನಿಲ್ಲುತ್ತಿತ್ತು. ಮೇಸ್ತ್ರಿಯ ಬೈಗುಳವೆಲ್ಲ ಅವಳಿಗೆ. ಕ್ಲೆಮ್ ಬಂದು ಅರ್ಧ ಗಂಟೆ ಮಗ್ಗದಡಿ ತೂರಿಕೊಂಡಿದ್ದು, ಕೆನ್ನೆಗೆಲ್ಲ ಎಣ್ಣೆ ಮೆತ್ತಿಕೊಂಡು ಎದ್ದು, ಅವಳನ್ನೊಮ್ಮೆ ನೋಡಿ, ಕಿವಿ ಕೆಂಪಗಾಗಿಸಿಕೊಂಡು ಹೋಗಿಬಿಡುತ್ತಿದ್ದ.

ಮಿಲ್ ಮುಚ್ಚಿ, ಮಗ್ಗಗಳು ಗುಜರಿಗೆ ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ಎಡಿತ್‌ಳ ಗೇಟು, ಗಡಿಯಾರ, ಅಡುಗೆಮನೆಯ ನಲ್ಲಿ ಎಲ್ಲವನ್ನೂ ಕ್ಲೆಮ್ ರಿಪೇರಿ ಮಾಡಿದ. ತನ್ನ ಬಾಯೊಂದನ್ನು ಬಿಟ್ಟು. ಈಗ ಸಮುದ್ರದ ಊರಿನಿಂದ ತಮ್ಮ ಕರೆದನಂತೆ, ಇವನು ಹೊರಟನಂತೆ.

ಕ್ಲೆಮ್ ಸೂಟ್‌ಕೇಸ್ ಹಿಡಿದು ಸಾಲಿನ ಬಳಿ ಬಂದ.

"ಎಡಿತ್... ಗಡಿಯಾರಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಿಡು."

"ಮತ್ತೆ?"

"ಜಾಸ್ತಿ ಬಿಡ್ಬೇಡ."

"ಮತ್ತೆ?"

ಅವಳ ಕಣ್ಣನ್ನೇ ನೋಡಿದ. ತುಟಿ ಅಲ್ಲಾಡಿತು. "ಎರಡೇ ಹನಿ ಸಾಕು."

"ಅಯ್ಯೋ ದೇವರೇ! ಹೋಗು ಮಾರಾಯ, ಬಸ್ ಬಂತು. ಅಲ್ಲಿ ನಿನ್ನ ತಮ್ಮನ ಮನೆ ನಲ್ಲಿಗಳು ಸೋರ್ತಾ ಕಾಯ್ತಿರ್ತವೆ!"

ಅವನು ಬಸ್ ಹತ್ತಿ ಕಿಟಕಿಯ ಪಕ್ಕ ಕೂತ. ಎಡಿತ್ ನೋಡಬಾರದೆಂದುಕೊಂಡೇ ನೋಡಿದಳು. ಅವನು ಡ್ರೈವರನಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದು, ಗಾಜಿಗೆ ಮುಖ ತಂದು, ಸದ್ದಿಲ್ಲದೆ, ಅಗಲವಾಗಿ, ನಿಧಾನವಾಗಿ ತುಟಿ ಆಡಿಸತೊಡಗಿದ. ನಾನೂರು ಮಗ್ಗಗಳ ಅಬ್ಬರದಲ್ಲಿ ಮಾತು ಕೇಳಿಸದೆ, ದಿನವಿಡೀ ಹೀಗೆ ತುಟಿ ನೋಡಿಯೇ ಹರಟಿದವರು ಮಿಲ್ಲಿನವರೆಲ್ಲ.

"ಎಡಿತ್, ನಂಗೆ ಹೋಗೋಕೆ ಇಷ್ಟ ಇಲ್ಲ. ಆ ಮೂರನೇ ಮಗ್ಗದ ಬೋಲ್ಟು, ನಾನೇ ಸಡಿಲ ಬಿಡ್ತಿದ್ದೆ. ನಿನ್ನ ನೋಡೋಕೆ. ನನ್ನ ಮದುವೆ ಆಗ್ತೀಯಾ?"

ಗುಟ್ಟಾಗಿ ಹೇಳಿದೆನೆಂದುಕೊಂಡಿದ್ದ, ಪುಣ್ಯಾತ್ಮ. ಸಾಲಿನಲ್ಲಿದ್ದ ಏಳು ಹೆಂಗಸರೂ ಮಿಲ್ಲಿನವರೇ.

"ಬೋಲ್ಟಂತೆ ಕಣ್ರೇ, ಬೋಲ್ಟು!" ಎಂದು ಕಿರುಚಿದಳು ಬರ್ತಾ.

"ಮದುವೆ ಅಂದ, ಅದನ್ನ ನೋಡು ಮೊದಲು!" ಎಂದಳು ಹಿಂದಿನವಳು. "ಹೂಂ ಅನ್ನೇ ಎಡಿತ್, ಒಳಗೆ ಪೈ ಆರ್ತಿದೆ!"

ಎಡಿತ್ ಬುಟ್ಟಿಯನ್ನು ಬರ್ತಾಳ ಕೈಗೆ ತುರುಕಿ ಬಸ್ಸಿನ ಹತ್ತಿರ ನಡೆದಳು. ಅವಳೂ ತುಟಿಯಲ್ಲೇ ಆಡಿದಳು. ಹಲ್ಲು ಕಚ್ಚಿದ್ದರಿಂದ ಓದುವುದು ಸ್ವಲ್ಪ ಕಷ್ಟವಾಯಿತು.

"ಹತ್ತೊಂಬತ್ತು ವರ್ಷ ನನ್ನನ್ನ ಮೇಸ್ತ್ರಿ ಹತ್ರ ಬೈಸಿದ್ದು ನೀನಾ? ಇಳಿ ಕೆಳಗೆ!"

"ಹೊಡೀತೀಯಾ?"

"ಮೊದ್ಲು ಹೊಡೀತೀನಿ. ಆಮೇಲೆ ಮದುವೆ."

ಅವನು ಬಿದ್ದಂಬೀಳ ಇಳಿದು ಬಂದು ನಿಂತ. ಕಿವಿ ಕೆಂಡ. ಎಡಿತ್ ಅವನ ಕೋಟಿನ ತೋಳು ಹಿಡಿದಳು. ಹೊಡೆಯಲಿಲ್ಲ, ಬಿಡಲೂ ಇಲ್ಲ.

"ಈಗ ಸದ್ದು ಬರೋ ಹಾಗೆ ಹೇಳು."

"ನೀನಂದ್ರೆ... ನಂಗೆ ಜೀವ ಕಣೇ." ಇಷ್ಟು ವರ್ಷ ಬಳಸದ ಗೇಟಿನಂತೆ ದನಿ ಕಿರುಗುಟ್ಟಿತು.

"ನಮಗೆ ಕೇಳಿಸ್ಲಿಲ್ಲ!" ಎಂದಳು ಬರ್ತಾ.

"ನೀನು ತಿರುಗಿಕೊಂಡು ಪೈ ತಗೊಳ್ಳೇ!" ಎಂದು ಎಡಿತ್ ಗದರಿದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಬಸ್ಸು ಮಿಲ್ಲಿನ ಗೋಡೆ ದಾಟಿ ತಿರುವಿನಲ್ಲಿ ಮರೆಯಾಯಿತು, ಕ್ಲೆಮ್‌ನ ಸೂಟ್‌ಕೇಸ್ ಸಮೇತ. ನೋಡಿದವಳು ಎಡಿತ್ ಒಬ್ಬಳೇ. ಎಲ್ಲಿ ಅದರ ಹಿಂದೆ ಓಡಿಬಿಡುತ್ತಾನೋ ಎಂದು ಅವಳು ತುಟಿ ಬಿಚ್ಚಲಿಲ್ಲ.