ಪರ್ಸಿನಲ್ಲಿ ಹಿಡಿಸುವ ಪಿಸ್ತೂಲು

“ಅದನ್ನ ಕೆಳಗಿಡು ಮರಿ. ಆ ಪಿಸ್ತೂಲು ಹಿಡಿಯೋಕೆ ಗಂಡಸಿನ ಕೈ ಬೇಕು.”

ಶನಿವಾರ ಬೆಳಿಗ್ಗೆ ಹಾಯ್ಟ್ ಮಿಂಟರನ ಬಂದೂಕಿನಂಗಡಿಗೆ ಕೊಳ್ಳಲು ಬರುವವರು ಕಡಿಮೆ, ಬಿಟ್ಟಿ ಕಾಫಿಗೆ ಬರುವವರು ಜಾಸ್ತಿ. ಗಾಜಿನ ಕೌಂಟರಿಗೆ ಹೊಟ್ಟೆ ಆನಿಸಿ, ಸೊಂಟಕ್ಕೊಂದು ಪಿಸ್ತೂಲು ನೇತುಹಾಕಿಕೊಂಡು, ಹುಲ್ಲಿನ ರೇಟಿನಿಂದ ಹಿಡಿದು ದೇವರ ಇಚ್ಛೆಯವರೆಗೆ ಎಲ್ಲವನ್ನೂ ಇತ್ಯರ್ಥ ಮಾಡುವ ಒಕ್ಲಹೋಮಾದ ಗಣ್ಯರು ಅವರು. ಅಷ್ಟೂ ಜನರ ಮುಂದೆ ಹಾಯ್ಟ್, ಟ್ಯಾನರ್ ಪ್ರುವಿಟನ ಬಲಗೈ ಹಿಡಿದೆತ್ತಿ, ಜಾತ್ರೆಯಲ್ಲಿ ಕರುವಿನ ಗೊರಸು ನೋಡುವವನ ಹಾಗೆ ಹಿಂದೆ ಮುಂದೆ ತಿರುಗಿಸಿದ.

“ನೋಡ್ರಪ್ಪಾ. ಟೈರು ಬಿಚ್ಚೋ ಕೈಯಂತೆ ಇದು. ನಂಗೇನೋ ಪಿಯಾನೋ ಟೀಚರಮ್ಮನ ಕೈ ಕಂಡಂಗೆ ಕಾಣುತ್ತೆ.”

ಗಣ್ಯರು ನಕ್ಕರು. ಹಾಯ್ಟ್ ಆ ದೊಡ್ಡ ಪಿಸ್ತೂಲನ್ನು ಕಿತ್ತುಕೊಂಡು, ಅದೇ ಕಂಪನಿಯ, ಅದೇ ಗುಂಡಿನ, ಆದರೆ ಹಿಡಿ ಗಿಡ್ಡವಾದ ಚಿಕ್ಕದೊಂದನ್ನು ಡಬ್ಬದ ಸಮೇತ ಮುಂದಿಟ್ಟ. “ನಿಂಗಿದೇ ಸರಿ. ನನ್ ಹೆಂಡ್ತೀನೂ ಇದನ್ನೇ ಪರ್ಸಲ್ಲಿಟ್ಕೊಂಡ್ ಓಡಾಡ್ತಾಳೆ. ಲಿಪ್‌ಸ್ಟಿಕ್ ಪಕ್ಕದಲ್ಲಿ.”

ಈ ಸಲ ಒಬ್ಬನಿಗೆ ಕಾಫಿ ನೆತ್ತಿಗೇರಿತು. ಹಾಯ್ಟ್ ಮಾತ್ರ ನಗಲಿಲ್ಲ. ಡಬ್ಬದೊಳಗಿನ ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುತ್ತ, ಹಿತವಚನ ಹೇಳುವ ಧಾಟಿಯಲ್ಲಿ, “ಇನ್ನೊಂದು ಮಾತು ಕೇಳಿಸ್ಕೋ ಮರಿ. ದೊಡ್ಡದ್ದು ಚಿಕ್ಕದಕ್ಕೆ ಹೊಂದ್ಕೊಳ್ಳುತ್ತೆ. ಚಿಕ್ಕದ್ದು ಯಾವತ್ತೂ ದೊಡ್ಡದಕ್ಕೆ ಹೊಂದಲ್ಲ. ತಲೇಲಿಟ್ಕೋ,” ಎಂದ.

ಟ್ಯಾನರ್ ತಲೆಯಲ್ಲಿಟ್ಟುಕೊಂಡ. ಅವನ ಕಣ್ಣು ಡಬ್ಬದ ಮೇಲಿರಲಿಲ್ಲ, ಸುತ್ತಲಿನ ಹಲ್ಲುಗಳ ಮೇಲಿತ್ತು. ಕಿವಿ ಕೆಂಪಾಗಿ ಉರಿಯುತ್ತಿತ್ತು. ದುಡ್ಡು ಎಣಿಸಿಟ್ಟು, ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಟ್ಟ. ಅವಮಾನ ಮಾಡಿದವನ ಅಂಗಡಿಯಲ್ಲೇ ವ್ಯಾಪಾರ ಮುಗಿಸಿ ಬಂದನಲ್ಲ ಎಂದು ಯಾರಾದರೂ ಕೇಳಬಹುದು. ಆ ಊರಿನಲ್ಲಿ ಇನ್ನೊಂದು ಬಂದೂಕಿನಂಗಡಿ ಇರಲಿಲ್ಲ.

ಸೋಮವಾರದ ಹೊತ್ತಿಗೆ ಅವನ ಹೆಸರು ‘ಪರ್ಸ್’ ಆಗಿತ್ತು. ಅವನು ಕೆಲಸ ಮಾಡುವ ಟೈರಂಗಡಿಯ ಒಡೆಯ, “ಪರ್ಸ್, ಆ ಟ್ರಕ್ಕಿನ ಹಿಂದಿನ ಚಕ್ರ ನೋಡು,” ಎಂದ. ಹೋಟೆಲಿನ ಹುಡುಗಿ, ಅಲ್ಲಿನವರು ಬಿಸ್ಕೆಟ್ಟು ಅನ್ನುವ ಬಿಸಿ ಬನ್ನಿನ ತಟ್ಟೆ ಇಟ್ಟು, “ಗ್ರೇವಿ ಇನ್ನೂ ಹಾಕ್ಲಾ ಪರ್ಸ್?” ಎಂದಳು. ಬುಧವಾರದ ಪ್ರಾರ್ಥನೆಯಲ್ಲಿ ಪಾದ್ರಿಯೂ, “ನಮ್ಮ ಸೋದರ ಪ...” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. ಆ ಊರಿನಲ್ಲಿ ಒಮ್ಮೆ ಅಂಟಿದ ಹೆಸರು ಗೋರಿಕಲ್ಲಿನವರೆಗೂ ಹಿಂಬಾಲಿಸುತ್ತದೆ. ದೀಕ್ಷಾಸ್ನಾನದ ದಿನ ನೀರಿನಲ್ಲೇ ವಾಂತಿ ಮಾಡಿಕೊಂಡ ಹುಡುಗನೊಬ್ಬ ಮುಪ್ಪಿನಲ್ಲಿ ಸತ್ತಾಗ, ಅವನ ಮಕ್ಕಳು ಕಲ್ಲಿನ ಮೇಲೆ ಅಸಲಿ ಹೆಸರಿನ ಕೆಳಗೆ ‘ವಾಂತಿ’ ಎಂದೂ ಕೆತ್ತಿಸಿದ್ದರು. ಇಲ್ಲದಿದ್ದರೆ ಮಣ್ಣಿಗೆ ಬಂದವರು ಬೇರೆ ಯಾರದೋ ಹೆಣ ಅಂದುಕೊಂಡು ವಾಪಸು ಹೋಗುತ್ತಿದ್ದರಂತೆ.

ಟ್ಯಾನರ್ ‘ಪರ್ಸ್’ ಆಗಿ ಸಾಯಲು ಸಿದ್ಧನಿರಲಿಲ್ಲ. ಅದಕ್ಕಿಂತ ಹಾಯ್ಟ್ ಸಾಯುವುದು ಸುಲಭ.

ದಾರಿ ಹುಡುಕಲು ಅವನು ಬಹಳ ಬೆವರಲಿಲ್ಲ. ಅಲ್ಲಿನ ಕಾನೂನಿಗೆ ಟ್ಯಾನರನ ಮೇಲೆ ಅವನ ಹೆತ್ತ ತಾಯಿಗಿಂತ ಅಕ್ಕರೆ. ಮನೆಯೊಳಗೆ ನುಗ್ಗಿದವನನ್ನು ಮನೆಯ ಯಜಮಾನ ಸುಟ್ಟರೆ ಕೇಸಿಲ್ಲ, ಕೋರ್ಟಿಲ್ಲ. ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಚರ್ಚಿನವರು ಕೋಳಿ ಹುರಿದು ತಂದುಕೊಡುತ್ತಾರೆ. ಹಾಯ್ಟ್ ನುಗ್ಗುವವನಲ್ಲ, ನಿಜ. ಆದರೆ ಕೆಟ್ಟ ಪಿಸ್ತೂಲು ಎಲ್ಲೇ ಇದ್ದರೂ, ಕರೆದರೆ ಬರುವವನು. ಬಾಗಿಲು ತೆರೆದಿರುತ್ತದೆ, ಸೀದಾ ಒಳಗೆ ಬನ್ನಿ ಎಂದರೆ ಸೀದಾ ಒಳಗೆ ಬರುವವನು. ಸೊಂಟದ ಪಿಸ್ತೂಲನ್ನಂತೂ ಸ್ನಾನಕ್ಕೆ ಬಿಟ್ಟರೆ ಬಿಚ್ಚುವವನಲ್ಲ. ನಿದ್ದೆಯಿಂದ ಬೆಚ್ಚಿ ಎದ್ದ ಬಡಪಾಯಿ ಹುಡುಗ, ಹಜಾರದಲ್ಲಿ ಪಿಸ್ತೂಲುಧಾರಿ ಆಸಾಮಿ. ಆಮೇಲೆ ಹೆಣದ ಪಕ್ಕ ಕೂತು, “ಅಯ್ಯೋ, ಹಾಯ್ಟ್ ಸಾರ್ ಅಂತ ಗೊತ್ತಾಗ್ಲಿಲ್ವಲ್ಲ,” ಎಂದು ಅಳುವುದು. ಅಷ್ಟೇ. ಮಾರನೇ ದಿನದಿಂದ ಅವನನ್ನು ಪರ್ಸ್ ಅನ್ನುವ ಧೈರ್ಯ ಯಾರಿಗಿರುತ್ತದೆ?

ಇಷ್ಟನ್ನು ಅವನು ಒಂದು ಸಂಜೆ ಒಂದು ಬಾಟಲಿ ಬಿಯರಿನಲ್ಲಿ ತೀರ್ಮಾನಿಸಿದ. ಮಿಕ್ಕ ವಾರಗಳೆಲ್ಲ ಹೋದದ್ದು ಒಂದೇ ಪ್ರಶ್ನೆಗೆ: ಯಾವ ಪಿಸ್ತೂಲಿನಿಂದ?

ಈ ವಿಷಯದಲ್ಲಿ ಜಗತ್ತು ಎರಡು ಮತಗಳಾಗಿ ಸೀಳಿಹೋಗಿದೆ ಎಂದು ಅವನಿಗೆ ವಿಡಿಯೋಗಳಿಂದ ತಿಳಿಯಿತು. ಚಿಕ್ಕದರ ಭಕ್ತರು ಹೇಳುತ್ತಾರೆ: ಅಂಗಿಯ ಅಡಿ ಅಡಗುತ್ತದೆ, ಕೂತರೆ ಪಕ್ಕೆಗೆ ಚುಚ್ಚುವುದಿಲ್ಲ, ಜೊತೆಯಲ್ಲಿಲ್ಲದ ದೊಡ್ಡ ಪಿಸ್ತೂಲಿಗಿಂತ ಜೊತೆಯಲ್ಲಿರುವ ಚಿಕ್ಕದು ಮೇಲು. ದೊಡ್ಡದರ ಭಕ್ತರು ಹೇಳುತ್ತಾರೆ: ಹಿಡಿ ಕೈತುಂಬ ಕೂರುತ್ತದೆ, ಒದೆಯುವುದು ಕಡಿಮೆ, ಗುರಿ ತಪ್ಪುವುದಿಲ್ಲ, ಗುಂಡು ಜಾಸ್ತಿ ಹಿಡಿಯುತ್ತದೆ. ಎರಡು ಕಡೆಯವರೂ ಗಡ್ಡ ಬಿಟ್ಟಿದ್ದರು, ಎರಡು ಕಡೆಯವರೂ ಟ್ರಕ್ಕಿನ ಮುಂದೆ ನಿಂತಿದ್ದರು, ಇಬ್ಬರಿಗೂ ಇನ್ನೊಬ್ಬರು ನರಕಕ್ಕೆ ಹೋಗುವುದರಲ್ಲಿ ಅನುಮಾನವಿರಲಿಲ್ಲ. ಟ್ಯಾನರ್ ಬೆಳಿಗ್ಗೆ ಈ ಮತಕ್ಕೆ, ಸಂಜೆ ಆ ಮತಕ್ಕೆ ಸೇರುತ್ತಿದ್ದ. ಊರಿನಲ್ಲಿ ಒಬ್ಬರನ್ನೂ ಏನೂ ಕೇಳಲಿಲ್ಲ. ಕೇಳಿದರೆ ನಾಳೆ ಅವರು ಸಾಕ್ಷಿ. ಡಬ್ಬದ ಜೊತೆ ಬಂದ ಪುಸ್ತಿಕೆಯನ್ನು ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆಯಲೂ ಇಲ್ಲ. ಪುಸ್ತಿಕೆ ಓದುವುದು ಪಿಯಾನೋ ಟೀಚರುಗಳ ಕೆಲಸ.

ಕೊನೆಗೆ ತರ್ಕವೇ ದಾರಿ ತೋರಿಸಿತು. ಚಿಕ್ಕದು ಅಡಗಿಸಿಕೊಳ್ಳುವ ಪಿಸ್ತೂಲು, ಅಡಗಿಸಿಕೊಂಡವನು ಹೊಂಚುಹಾಕಿ ಕಾದಿದ್ದವನು. ಮನೆ ಕಾಯುವ ಮರ್ಯಾದಸ್ಥ ಹಾಸಿಗೆಯ ಪಕ್ಕ ದೊಡ್ಡದನ್ನೇ ಇಟ್ಟಿರುತ್ತಾನೆ. ಪೊಲೀಸರು ನೋಡುವುದು ಇದನ್ನೇ. ತರ್ಕದ ಕೆಳಗೆ ಇನ್ನೊಂದು ಸಣ್ಣ ಕಾರಣವೂ ಇತ್ತು: ಹಾಯ್ಟ್ ತಾನೇ ಆರಿಸಿ ಕೊಟ್ಟ, ತನ್ನ ಹೆಂಡತಿಯ ಪರ್ಸಿನ ಪಿಸ್ತೂಲಿನಿಂದಲೇ ಹಾಯ್ಟನನ್ನು ಕೊಂದರೆ, ಹೆಣವೂ ಎದ್ದು ಕೂತು ನಕ್ಕೀತು.

ಗುರುವಾರ ಪೆಟ್ರೋಲ್ ಬಂಕಿನಲ್ಲಿ ಹಾಯ್ಟ್ ಒಬ್ಬನೇ ಸಿಕ್ಕ. ಫೋನು ಮಾಡಿದರೆ ಗುರುತು ಉಳಿಯುತ್ತದೆ; ಬಾಯಿಮಾತಿಗೆ ಗುರುತಿಲ್ಲ.

“ಸಾರ್, ನೀವು ಕೊಟ್ಟಿದ್ದು ಸಿಕ್ಕಾಕ್ಕೊಂಡ್ಬಿಟ್ಟಿದೆ. ಒಳಗೆ ಗುಂಡಿದೆ ಅನ್ಸುತ್ತೆ. ಮುಟ್ಟೋಕೇ ಭಯ.”

“ಮುಟ್ಬೇಡ ಮತ್ತೆ. ಯಾಕೆ ಮುಟ್ತೀಯ? ನಾಳೆ ಮಧ್ಯಾಹ್ನ ಬರ್ತೀನಿ ಬಿಡು.”

“ಬೆಲ್ ಕೆಟ್ಟಿದೆ ಸಾರ್. ಬಾಗ್ಲು ತೆಗ್ದಿರ್ತೀನಿ, ಸೀದಾ ಒಳಗೆ ಬಂದ್ಬಿಡಿ. ಹಿಂದಿನ ರೂಮಲ್ಲಿರ್ತೀನಿ.”

“ಹೆದರ್ಕೋಬೇಡ ಮರಿ,” ಎಂದು ಹಾಯ್ಟ್ ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಸಂಜೆವರೆಗೂ ಉರಿಯಿತು.

ಇನ್ನು ದೊಡ್ಡ ಪಿಸ್ತೂಲು. ಟೈರಂಗಡಿಯ ಜೊತೆಗಾರ ಡೂಲಿಯ ಹತ್ತಿರ ಒಂದಿತ್ತು, ಅವತ್ತು ಹಾಯ್ಟ್ ಇವನ ಕೈಯಿಂದ ಕಿತ್ತುಕೊಂಡನಲ್ಲ, ಅದೇ ಕಂಪನಿಯದು, ಅದೇ ತರದ್ದು. ಡೂಲಿಗೆ ಹೊಟ್ಟೆ ಬಂದು ಈಚೆಗೆ ದೊಡ್ಡದು ಸೊಂಟಕ್ಕೆ ಒತ್ತುತ್ತಿತ್ತು. ಚಿಕ್ಕದಾದರೆ ಬದಲಾಯಿಸಿಕೊಳ್ಳುತ್ತೇನೆ ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದ. ಶುಕ್ರವಾರ ಬೆಳಿಗ್ಗೆ ಹಳೇ ಟೈರುಗಳ ರಾಶಿಯ ಹಿಂದೆ ಅದಲು ಬದಲು ಆಯಿತು.

“ಗುಂಡಿನ ಮ್ಯಾಗಜಿನ್ ಎರಡಿದಾವೆ. ಅವನ್ನೂ ತಗೋ ಪರ್ಸ್,” ಎಂದ ಡೂಲಿ.

ಹಿಡಿಯೊಳಗೆ ತೂರಿಸುವ ಆ ಎರಡು ಉದ್ದನೆಯ ಮ್ಯಾಗಜಿನ್ನುಗಳ ಬಣ್ಣ ಹೋಗಿತ್ತು, ಮೂಲೆ ಸವೆದಿತ್ತು. ಟ್ಯಾನರನ ಮನೆಯಲ್ಲಿ ಚಿಕ್ಕದರ ಜೊತೆ ಬಂದ ಮ್ಯಾಗಜಿನ್ ಇತ್ತು, ಮಿರಿಮಿರಿ ಮಿಂಚುವಂಥದ್ದು, ಹೊಸ ಗುಂಡುಗಳನ್ನು ಅವನೇ ಪ್ರೀತಿಯಿಂದ ಒತ್ತಿ ತುಂಬಿಟ್ಟದ್ದು. ಅದೇ ಕಂಪನಿ, ಅದೇ ಗುಂಡು, ತಳದಲ್ಲಿ ಅದೇ ಮುದ್ರೆ. ಜೀವನದ ಅತಿ ಮುಖ್ಯ ಕೆಲಸಕ್ಕೆ ಡೂಲಿಯ ಗುಜರಿ ಯಾಕೆ?

“ನಿನ್ ಹಳೇ ಸಾಮಾನು ನೀನೇ ಇಟ್ಕೋ. ನನ್ ಹತ್ರ ಹೊಸದಿದೆ.”

ಡೂಲಿ ಹೊಗೆಸೊಪ್ಪು ಜಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. “ಇದೆಯಾ? ಹಂಗಾದ್ರೆ ಸರಿಯಪ್ಪ. ಇವು ನಂಗೆ ಆಗ್ತಾವೆ. ನಂಗೇನ್ ಲುಕ್ಸಾನಿಲ್ಲ.”

ವ್ಯವಹಾರದಲ್ಲಿ ಡೂಲಿಗೆ ಸರಿಯಾಗಿ ಟೋಪಿ ಹಾಕಿದೆ ಎಂಬ ಖುಷಿಯಲ್ಲಿ ಟ್ಯಾನರ್ ಹೊಟ್ಟೆನೋವೆಂದು ರಜೆ ಹಾಕಿ ಮನೆಗೆ ಬಂದ.

ಪಿಸ್ತೂಲನ್ನು ಹಾಸಿಗೆ ಪಕ್ಕದ ಡ್ರಾಯರಿನಲ್ಲಿ, ಮ್ಯಾಗಜಿನ್ನನ್ನು ಕಾಲುಚೀಲಗಳ ನಡುವೆ ಇಟ್ಟ. ಇದು ಅವನ ಯೋಜನೆಯ ಕಿರೀಟ. ಇಂಥ ಕರೆ ಬಂದರೆ ಬರುವವಳು ಊರಿನ ಪೊಲೀಸು, ಡೆಪ್ಯುಟಿ ಶೆರಿಲ್. ಆಕೆಯೇ ಶಾಲೆ ಶಾಲೆಗೆ ಹೋಗಿ, ಪಿಸ್ತೂಲು ಒಂದು ಕಡೆ ಗುಂಡು ಒಂದು ಕಡೆ ಇಡಿ ಎಂದು ಪಾಠ ಮಾಡುವವಳು. ಕೆದಕಿದ ಕಾಲುಚೀಲ, ತೆರೆದ ಡ್ರಾಯರು ನೋಡಿದರೆ, ತನ್ನ ಪಾಠ ಕೇಳಿಸಿಕೊಂಡವನು ಭೂಮಿಯ ಮೇಲೆ ಒಬ್ಬನಾದರೂ ಇದ್ದಾನಲ್ಲ ಎಂದು ಆಕೆಯ ಕಣ್ಣು ತುಂಬಿಬರಬೇಕು. ಒಮ್ಮೆ ಇಟ್ಟ ಮೇಲೆ ಟ್ಯಾನರ್ ಯಾವುದನ್ನೂ ಮುಟ್ಟಲಿಲ್ಲ. ಉಳಿದ ಹೊತ್ತನ್ನು ಕನ್ನಡಿಯ ಮುಂದೆ ಅಳುವುದರಲ್ಲಿ ಕಳೆದ. ಬಲಗಣ್ಣು ಚೆನ್ನಾಗಿ ಸಹಕರಿಸಿತು, ಎಡಗಣ್ಣಿಗೆ ಸ್ವಲ್ಪ ಈರುಳ್ಳಿ ಬೇಕಾಯಿತು.

ಹಾಯ್ಟನ ಟ್ರಕ್ಕು ಜಲ್ಲಿಯ ಮೇಲೆ ತಿರುಗಿದ ಸದ್ದು ಕೇಳಿದೊಡನೆ ತುರ್ತು ನಂಬರು ಒತ್ತಿದ.

“ಮೇಡಮ್, ಯಾರೋ ಮನೆಯೊಳಗೆ ನುಗ್ಗಿದಾರೆ. ಕೈಯಲ್ಲಿ ಪಿಸ್ತೂಲಿದೆ. ಪ್ಲೀಸ್, ಬೇಗ ಯಾರನ್ನಾದ್ರೂ ಕಳಿಸಿ.”

“ಲೈನ್ ಕಟ್ ಮಾಡ್ಬೇಡಿ. ಶೆರಿಲ್ ಹತ್ರದಲ್ಲೇ ಇದಾರೆ.”

ಕಟ್ ಮಾಡುವ ಮಾತೇ ಇರಲಿಲ್ಲ. ಗುಂಡಿನ ಸದ್ದೂ ಅಳುವೂ ರೆಕಾರ್ಡ್ ಆಗಲೆಂದೇ ಫೋನನ್ನು ದಿಂಬಿನ ಮೇಲಿಟ್ಟ. ಡ್ರಾಯರು ಎಳೆದ. ಕಾಲುಚೀಲಗಳನ್ನು ಕೆದಕಿದ. ಹಿಡಿಯ ತಳದಿಂದ ಮ್ಯಾಗಜಿನ್ನನ್ನು ಅಂಗೈಯಲ್ಲಿ ಬಲವಾಗಿ ತಳ್ಳಿದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗೆ ಹೋಯಿತು. ಹೊಸ ಸಾಮಾನು ಅಂದರೆ ಹೀಗಿರಬೇಕು.

“ಟ್ಯಾನರ್? ಎಲ್ಲಿದೀಯೋ ಮರಿ?” ಹಜಾರದಿಂದ ಹಾಯ್ಟನ ದೊಡ್ಡ ಗಂಟಲು. “ನೀನು ಹೇಳ್ದಂಗೆ ಸೀದಾ ಒಳಗೆ ಬಂದೆ ಕಣೋ. ಬಾಗ್ಲು ಹಾಕ್ಕೊಂಡ್ ಬರ್ಲಾ, ತೆಗ್ದೇ ಇರ್ಲಾ?”

ಇಷ್ಟು ಮಾತಾಡುವ ಕಳ್ಳ ಯೋಜನೆಯಲ್ಲಿರಲಿಲ್ಲ. ಇನ್ನೊಂದು ಮಾತು ಆ ಫೋನಿಗೆ ಬೀಳುವ ಮೊದಲು ಮುಗಿಸಬೇಕು. ಟ್ಯಾನರ್ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ಬಿಟ್ಟ, ಬಾಗಿಲಲ್ಲಿ ಕಾಣಿಸಿಕೊಂಡ ಎದೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದ.

ಬಾಲ್‌ಪೆನ್ನು ಒತ್ತಿದಂತೆ ಟಕ್ ಎಂದಿತು.

ಆಮೇಲೆ ಹಿಡಿಯೊಳಗಿಂದ ಮ್ಯಾಗಜಿನ್ ಮೆಲ್ಲಗೆ ಜಾರಿ ನೆಲಕ್ಕೆ ಬಿದ್ದು, ಹಾಯ್ಟನ ಬೂಟಿನ ಹತ್ತಿರ ಹೋಗಿ ನಿಂತಿತು. ಹಾಯ್ಟನ ಕೈಯಲ್ಲಿ ರಿಪೇರಿ ಸಾಮಾನಿನ ಚೀಲವಿತ್ತು, ಕೊರಳಲ್ಲಿ ಕನ್ನಡಕ ನೇತಾಡುತ್ತಿತ್ತು. ಚೀಲ ಬಿತ್ತು, ಸೊಂಟದ ಪಿಸ್ತೂಲು ಕೈಗೆ ಬಂತು. ಅದನ್ನು ಟ್ಯಾನರನ ಮೂಗಿಗೆ ನೇರವಾಗಿ ಹಿಡಿದುಕೊಂಡೇ ಅವನು ಬಗ್ಗಿ ಬಿದ್ದ ವಸ್ತುವನ್ನು ಎತ್ತಿಕೊಂಡ.

“ಸಾರ್, ಲೈನಲ್ಲಿದೀರಾ?” ದಿಂಬು ಕೇಳಿತು. “ಕಳ್ಳ ಇನ್ನೂ ಒಳಗೇ ಇದಾನಾ?”

“ಕಳ್ಳ ಯಾರೂ ಇಲ್ಲಮ್ಮ. ನಾನು, ಹಾಯ್ಟ್.”

“ಹಾಯ್ಟ್ ಮಾಮಾ? ನೀವಲ್ಲೇನ್ ಮಾಡ್ತಿದೀರ?”

“ಇವನೇ ಪಿಸ್ತೂಲು ರಿಪೇರಿಗೆ ಬನ್ನಿ ಅಂದಿದ್ದ. ಬಂದ್ರೆ ಸುಡೋಕ್ ಬಂದ. ಶೆರಿಲ್‌ಗೆ ಬೇಗ ಬರೋಕ್ ಹೇಳು.”

ಹೇಳುವ ಅಗತ್ಯವಿರಲಿಲ್ಲ, ಟ್ಯಾನರ್ ಆಗಲೇ ಕರೆಸಿದ್ದ. ಅವಳ ಹಿಂದೆಯೇ, ತಂತಮ್ಮ ಅಡುಗೆಮನೆಯ ರೇಡಿಯೋದಲ್ಲಿ ಪೊಲೀಸರ ಮಾತು ಕದ್ದು ಕೇಳುವ ಶನಿವಾರದ ಗಣ್ಯರೂ ಟ್ರಕ್ಕುಗಳಲ್ಲಿ ಬಂದು ಅಂಗಳದಲ್ಲಿ ಸಾಲಾಗಿ ನಿಂತರು. ಶೆರಿಲ್ ಟ್ಯಾನರನ ಕೈಗೆ ಬೇಡಿ ಹಾಕಿದಳು. ಜಾರಿತು. ಇನ್ನೂ ಬಿಗಿಮಾಡಿ, ಕೊನೆಯ ಹಲ್ಲಿಗೆ ತಂದು ನಿಲ್ಲಿಸಿದಳು.

“ಗುಂಡು ತುಂಬಿತ್ತಲ್ಲ, ಮತ್ತೆ ಯಾಕೆ ಹಾರಲಿಲ್ಲ?” ಎಂದು ಅವಳು ಕೇಳಿದ್ದಕ್ಕೆ ಹಾಯ್ಟ್ ಕನ್ನಡಕ ಏರಿಸಿ, ಆ ಹೊಚ್ಚ ಹೊಸ ಮ್ಯಾಗಜಿನ್ನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ಇದು ಚಿಕ್ಕ ಪಿಸ್ತೂಲಿಂದು. ಅದರ ಹಿಡಿ ಗಿಡ್ಡ, ಹಂಗಾಗಿ ಇದೂ ಗಿಡ್ಡ. ದೊಡ್ಡದರೊಳಗೆ ತೂರಿಸಿದ್ರೆ ಮೇಲಿನ ಕೊಂಡಿಗೆ ಎಟುಕಲ್ಲ, ಗುಂಡು ಮೇಲಕ್ಕೆ ಹೋಗಲ್ಲ, ಬಿಟ್ರೆ ಬಿದ್ದೋಗುತ್ತೆ. ದೊಡ್ಡದರ ಮ್ಯಾಗಜಿನ್ ಆದ್ರೆ ಚಿಕ್ಕದಕ್ಕೆ ಹಾಕ್ಬೋದು, ಕೆಳಗೆ ಒಂಚೂರು ಬಾಲ ಬರುತ್ತೆ ಅಷ್ಟೆ. ಅವತ್ತು ಅಂಗಡೀಲಿ ಇವರೆಲ್ಲರ ಮುಂದೆ ಬಿಡಿಸಿ ಹೇಳಿದ್ನಲ್ಲೋ, ದೊಡ್ಡದ್ದು ಚಿಕ್ಕದಕ್ಕೆ ಹೊಂದುತ್ತೆ, ಚಿಕ್ಕದ್ದು ದೊಡ್ಡದಕ್ಕೆ ಹೊಂದಲ್ಲ ಅಂತ.” ನಿಜವಾಗಿಯೂ ಅರ್ಥವಾಗದವನ ಹಾಗೆ ಟ್ಯಾನರನ ಮುಖ ನೋಡಿದ. “ಮ್ಯಾಗಜಿನ್ ಬಗ್ಗೆ ಹೇಳಿದ್ದು ಮರಿ. ನೀನು ಏನಂದ್ಕೊಂಡೆ?” ಅಂಗಳವೆಲ್ಲ ಉತ್ತರಕ್ಕೆ ಕಾಯಿತು. “ಹೇಳು ಪರ್ಸ್,” ಎಂದ ಯಾರೋ ಹಿಂದಿನಿಂದ. ಟ್ಯಾನರ್ ಶೆರಿಲ್ಲಳ ಕಾರಿನ ಕಡೆ ನಡೆದುಬಿಟ್ಟ.